ಮಲೆನಾಡಿನಲ್ಲಿ ಕೆಲಸಕ್ಕೆ ಹೋಗುವವರ ಬಟ್ಟೆಬರೆ: ಮಿತ ಖರ್ಚು, ದೀರ್ಘ ಬಾಳಿಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ನನ್ನನ್ನು, ಹೊಸದಾಗಿ ಸೇರಿದ ಹುಡುಗ ಹುಡುಗಿಯರು ವರ್ಷವರ್ಷವೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಬೆಂಗಳೂರಿನವರಿಗಾಗಿ ಬರೆದ ಸಲಹೆಗಳು ನಮ್ಮಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಇಲ್ಲಿ ಬಟ್ಟೆಯ ಯೋಗ್ಯತೆ ತಿಳಿಯುವುದು ಅಂಗಡಿಯ ಕನ್ನಡಿಯ ಮುಂದಲ್ಲ, ಪುನರ್ವಸು ಮಳೆಯಲ್ಲಿ ಒಣಹಾಕಿದ ಹಗ್ಗದ ಮೇಲೆ.

ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಮೊದಲ ಸಂಬಳದಲ್ಲೇ ಎಲ್ಲ ಬಟ್ಟೆಗಳನ್ನೂ ಕೊಂಡುಬಿಡಬೇಕೆ?

ಬೇಡ. ಸಂದರ್ಶನಕ್ಕೆ ತೊಟ್ಟ ಜೊತೆಗೆ ಇನ್ನೊಂದು ಜೊತೆ ಸೇರಿಸಿ ಮೊದಲ ತಿಂಗಳನ್ನು ದಾಟಿಸಿ. ಅಷ್ಟರಲ್ಲಿ ಆ ಕಚೇರಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೂ, ಹಳ್ಳಿ ಹಳ್ಳಿ ತಿರುಗಿ ಸಾಲದ ಪರಿಶೀಲನೆ ಮಾಡುವವರಿಗೂ, ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ತರಗತಿ ನಿಂತು ಪಾಠ ಹೇಳುವವರಿಗೂ ಬೇಕಾಗುವ ಬಟ್ಟೆ ಒಂದೇ ಅಲ್ಲ. ಒಟ್ಟು ಹತ್ತು ಸಾವಿರ ಖರ್ಚು ಮಾಡುವ ಯೋಚನೆಯಿದ್ದರೆ ಅದನ್ನು ನಾಲ್ಕು ಕಂತಾಗಿ ಒಡೆಯಿರಿ. ಮೊದಲ ಕಂತಿನಲ್ಲಿ ಕೊಂಡದ್ದು ಹೇಗೆ ಬಾಳಿತು ಎಂಬುದನ್ನು ನೋಡಿ ಎರಡನೆಯದನ್ನು ಕೊಳ್ಳಬಹುದು. ಒಂದೇ ದಿನ ಆರು ಶರ್ಟು ಕೊಂಡವನು ಒಂದೇ ತಪ್ಪನ್ನು ಆರು ಸಲ ಮಾಡಿರುತ್ತಾನೆ.

ನಿಜವಾಗಿ ಎಷ್ಟು ಜೊತೆ ಬೇಕು?

ವಾರದ ದಿನಗಳನ್ನು ಎಣಿಸಿ ಇದಕ್ಕೆ ಉತ್ತರ ಹೇಳುವವರಿದ್ದಾರೆ. ನಾನು ಬಟ್ಟೆ ಒಣಗುವ ದಿನಗಳನ್ನು ಎಣಿಸುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಮಡಚಲು ಸಿಗುವುದರಿಂದ ಮೂರು ಜೊತೆಯಲ್ಲೂ ವರ್ಷದ ಅರ್ಧವನ್ನು ಕಳೆಯಬಹುದು. ಮೃಗಶಿರದಿಂದ ಆಶ್ಲೇಷದವರೆಗಿನ ಮಳೆಗಳ ಲೆಕ್ಕವೇ ಬೇರೆ. ಸೋಮವಾರ ತೊಟ್ಟು ಸಂಜೆ ಒಗೆದ ಹತ್ತಿಯ ಶರ್ಟು ಒಳಮನೆಯ ಹಗ್ಗದ ಮೇಲೆ ಮಂಗಳ, ಬುಧ, ಗುರುವಾರ ಮೂರು ದಿನ ತೂಗಾಡಿ, ಗುರುವಾರ ರಾತ್ರಿ ಇಸ್ತ್ರಿಯಾದ ಮೇಲೆ ಶುಕ್ರವಾರಕ್ಕೆ ಸಿದ್ಧವಾಗುತ್ತದೆ. ಎಂದರೆ ಪ್ರತಿದಿನ ಒಗೆಯುವವರಿಗೆ ನಾಲ್ಕು ಬೇಕು, ಬಸ್ಸಿಳಿದು ಬರುವಷ್ಟರಲ್ಲಿ ನೆನೆದುಹೋದ ದಿನಕ್ಕೆಂದು ಮತ್ತೊಂದು ಸೇರಿ ಐದು. ಭಾನುವಾರ ಮಾತ್ರ ಒಗೆಯುವವರ ಶರ್ಟುಗಳು ಗುರುವಾರದ ಮೊದಲು ಕೈಗೆ ಸಿಗುವುದಿಲ್ಲವಾದ್ದರಿಂದ, ವಾರದ ಆರರ ಮೇಲೆ ಇನ್ನೂ ಮೂರು ಸೇರಿ ಒಂಬತ್ತು ಬೇಕಾಗುತ್ತದೆ. ದಿನವೂ ಒಂದು ಬಕೆಟ್ಟು ನೀರಿಗೆ ಕೈಯಿಟ್ಟರೆ ನಾಲ್ಕು ಶರ್ಟಿನ ಹಣ ಉಳಿಯಿತು ಎಂದಾಯಿತು. ಇದಕ್ಕಿಂತ ದೊಡ್ಡ ಉಳಿತಾಯವನ್ನು ಯಾವ ರಿಯಾಯಿತಿ ಮಾರಾಟದಲ್ಲೂ ನಾನು ಕಂಡಿಲ್ಲ.

ಪ್ಯಾಂಟು ಅಥವಾ ಸಲ್ವಾರಿನ ಮಟ್ಟಿಗೆ ಗಾಢ ಬಣ್ಣದ ಮೂರು ಸಾಕು. ಕುರ್ತಾ ತೊಡುವವರು ಎರಡು ಬಣ್ಣದ ಲೆಗಿಂಗ್ಸನ್ನೋ ಪ್ಯಾಂಟನ್ನೋ ಆರಿಸಿಕೊಂಡು, ಮುಂದೆ ಕೊಳ್ಳುವ ಪ್ರತಿಯೊಂದು ಕುರ್ತಾವೂ ಆ ಎರಡಕ್ಕೂ ಹೊಂದುವಂತೆ ನೋಡಿಕೊಂಡರೆ ಐದು ಕುರ್ತಾ ಹತ್ತು ಜೊತೆಯಂತೆ ಕಾಣುತ್ತವೆ.

ಹತ್ತಿ ಒಳ್ಳೆಯದೋ, ಪಾಲಿಯೆಸ್ಟರ್ ಒಳ್ಳೆಯದೋ?

ಮಲೆನಾಡಿನಲ್ಲಿ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ಒಣತೂಕದ ಸುಮಾರು ಶೇ. 8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. 0.4 ಮಾತ್ರ. ಬೆವರನ್ನು ಎಳೆದುಕೊಂಡು ಮೈಯನ್ನು ಹಗುರಾಗಿಡುವ ಗುಣ ಹತ್ತಿಗೆ ಬಂದದ್ದು ಇದರಿಂದಲೇ, ಜುಲೈಯಲ್ಲಿ ಅದು ಒಣಗದೆ ಸತಾಯಿಸುವುದೂ ಇದರಿಂದಲೇ. ಪಾಲಿಯೆಸ್ಟರ್ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ, ಸುಕ್ಕಾಗುವುದಿಲ್ಲ, ಆದರೆ ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗ ಪೇಟೆಯ ಬಿಸಿಲಿಗೆ ಬೆನ್ನಿಗೆ ಅಂಟಿಕೊಂಡು ವಾಸನೆ ಹಿಡಿಯುತ್ತದೆ.

ನಾನು ಹೇಳುವ ಸೂತ್ರವೆಂದರೆ ಬೇಸಿಗೆಗೆ ಅಪ್ಪಟ ಹತ್ತಿ, ಮಳೆಗಾಲಕ್ಕೆ ಹತ್ತಿಯೂ ಪಾಲಿಯೆಸ್ಟರೂ ಬೆರೆತ ಬಟ್ಟೆ. ಬೆರಕೆ ಬಟ್ಟೆಯನ್ನು ಕೀಳೆಂದು ನೋಡುವ ಅಭ್ಯಾಸ ಎಲ್ಲಿಂದ ಬಂತೋ ತಿಳಿಯದು. ಹತ್ತಿಯ ಪಾಲು ಅರ್ಧಕ್ಕಿಂತ ಕೆಳಗಿಳಿಯದಿದ್ದರೆ ಅದು ಮೈಗೂ ಹಿತ, ಹಗ್ಗಕ್ಕೂ ಹಿತ. ರೇಯಾನ್ ಎಂದೂ ವಿಸ್ಕೋಸ್ ಎಂದೂ ಕರೆಯುವ ಬಟ್ಟೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಅಂಗಡಿಯಲ್ಲಿ ಅದು ರೇಷ್ಮೆಯಂತೆ ಜಾರುತ್ತದೆ, ಬೆಲೆಯೂ ಕಡಿಮೆ; ಆದರೆ ಅದು ಹತ್ತಿಗಿಂತಲೂ ಹೆಚ್ಚು ನೀರು ಕುಡಿಯುತ್ತದೆ ಮತ್ತು ಒದ್ದೆಯಾದಾಗ ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಒದ್ದೆ ರೇಯಾನ್ ಕುರ್ತಾವನ್ನು ಒಗೆಯುವ ಕಲ್ಲಿಗೆ ಬಡಿದವರು ಮೂರೇ ತಿಂಗಳಲ್ಲಿ ಅದರ ಕಂಕುಳ ಹೊಲಿಗೆ ಬಾಯಿಬಿಟ್ಟಿದ್ದನ್ನು ಕಂಡಿರುತ್ತಾರೆ.

ಅಂಗಡಿಯವರು ಹೇಳಿದ್ದರ ಮೇಲೆ ನಂಬಿಕೆ ಬಾರದಿದ್ದರೆ ಒಳಹೊಲಿಗೆಯ ಆಚೆ ಬಿಟ್ಟಿರುವ ಬಟ್ಟೆಯಿಂದ ಎರಡು ಎಳೆಯನ್ನು ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಹೊಲಿದ ದಾರವೇ ಪಾಲಿಯೆಸ್ಟರ್ ಆಗಿರುವುದು ಸಾಮಾನ್ಯವಾದ್ದರಿಂದ ಎಳೆಯನ್ನು ಬಟ್ಟೆಯ ಅಂಚಿನಿಂದಲೇ ತೆಗೆಯಬೇಕು.

ಅಂಗಡಿಯಲ್ಲಿ ನಿಂತು ಒಳ್ಳೆಯ ಬಟ್ಟೆಯನ್ನು ಗುರುತಿಸುವುದು ಹೇಗೆ?

ಮೊದಲಿಗೆ ಬಟ್ಟೆಯನ್ನು ಬಾಗಿಲ ಬಳಿಯ ಬೆಳಕಿಗೆ ತನ್ನಿ. ದುರ್ಗಿಗುಡಿಯಾಗಲಿ, ನೆಹರೂ ರಸ್ತೆಯಾಗಲಿ, ಗಾಂಧಿ ಬಜಾರಾಗಲಿ, ಒಳಗಿನ ದೀಪದಲ್ಲಿ ಕಂಡ ಬಣ್ಣವೂ ಹೊರಗಿನ ಹಗಲಿನಲ್ಲಿ ಕಾಣುವ ಬಣ್ಣವೂ ಒಂದೇ ಆಗಿರುತ್ತದೆಂಬ ಖಾತ್ರಿಯಿಲ್ಲ. ಬೆಳಕಿಗೆ ಹಿಡಿದಾಗ ನೇಯ್ಗೆ ಒಂದೇ ಸಮ ಕಾಣಬೇಕು. ಅಲ್ಲಲ್ಲಿ ತೆಳುವಾದ ಗೀರುಗಳು ಕಂಡರೆ ಅಲ್ಲೇ ಮೊದಲು ಹರಿಯುತ್ತದೆ. ಬಳಿಕ ಒಂದು ಮೂಲೆಯನ್ನು ಎರಡು ಹೆಬ್ಬೆರಳುಗಳ ನಡುವೆ ಜೋರಾಗಿ ಉಜ್ಜಿ. ಬಿಳಿಯ ಪುಡಿ ಉದುರಿದರೆ ನೀವು ಮುಟ್ಟುತ್ತಿರುವ ಗಟ್ಟಿತನ ಗಂಜಿಯದು, ನೂಲಿನದಲ್ಲ. ಅದು ಮೊದಲ ಒಗೆತದಲ್ಲೇ ಮೋರಿ ಸೇರುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಎಷ್ಟು ಸುಕ್ಕಾಗುತ್ತದೆಂಬುದೂ ತಿಳಿಯುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ನಿಂತುಕೊಂಡೇ ಬರುವವರು ಈ ಪರೀಕ್ಷೆಯನ್ನು ಬಿಡಬಾರದು.

ಆಮೇಲೆ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ. ಒಂದು ಅಂಗುಲದಲ್ಲಿ ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು ಹೊಲಿಗೆಗಳಿರಬೇಕು. ಪಕ್ಕದ ಹೊಲಿಗೆಯನ್ನು ಎರಡು ಕಡೆಯಿಂದ ಮೆಲ್ಲಗೆ ಎಳೆದಾಗ ದಾರದ ನಡುವೆ ಸಂದು ಬಿಡಬಾರದು. ಒಳಗೆ ಬಿಟ್ಟಿರುವ ಬಟ್ಟೆ ಬೆರಳಗಲವಾದರೂ ಇದ್ದರೆ, ಮೈ ತುಂಬಿಕೊಂಡಾಗ ಬಿಚ್ಚಿ ಹಿಗ್ಗಿಸಿಕೊಳ್ಳಬಹುದು. ಚೌಕಳಿ ಅಥವಾ ಗೀರು ಬಟ್ಟೆಯಾದರೆ ಜೇಬಿನ ಗೀರು ಎದೆಯ ಗೀರಿಗೆ ಸರಿಯಾಗಿ ಕೂತಿದೆಯೇ ನೋಡಿ. ಜೇಬಿಗೆ ತಾಳ್ಮೆ ತೋರದವರು ಕಾಲರಿಗೆ ತೋರಿರುವುದಿಲ್ಲ. ಕಾಜಾದ ಅಂಚಿನಲ್ಲಿ ನೂಲು ಕಿತ್ತು ನಿಂತಿದ್ದರೆ ಗುಂಡಿ ಹಾಕಿ ತೆಗೆಯುವಾಗ ಅದು ದಿನದಿನಕ್ಕೂ ದೊಡ್ಡದಾಗುತ್ತದೆ.

ಗಾಢ ಬಣ್ಣದ ಬಟ್ಟೆಗೆ ಕೊನೆಯ ಪರೀಕ್ಷೆಯೊಂದಿದೆ. ಬಿಳಿಯ ಕರವಸ್ತ್ರದ ತುದಿಯನ್ನು ಒದ್ದೆಮಾಡಿ ಒಳಹೊಲಿಗೆಯ ಮೇಲೆ ನಾಲ್ಕು ಸಲ ತಿಕ್ಕಿ ನೋಡಬೇಕು. ಇದನ್ನು ಮಾಡಲು ಸಂಕೋಚಪಟ್ಟು ನಾನೊಮ್ಮೆ ಅಂಗಡಿಯೊಂದರಲ್ಲಿ ಒಂದಕ್ಕೊಂದು ಉಚಿತ ಎಂದು ಕೊಂಡ ಮೆರೂನ್ ಕುರ್ತಾ, ಮೊದಲ ಒಗೆತದಲ್ಲಿ ಬಕೆಟ್ಟಿನಲ್ಲಿದ್ದ ಎರಡು ತಿಳಿಬಣ್ಣದ ಬ್ಲೌಸುಗಳನ್ನು ಗುಲಾಬಿ ಮಾಡಿತು. ಉಚಿತವಾಗಿ ಬಂದ ಕುರ್ತಾಕ್ಕೆ ನಾನು ಎರಡು ಬ್ಲೌಸುಗಳ ಬೆಲೆ ತೆತ್ತಂತಾಯಿತು.

ರೆಡಿಮೇಡ್ ಅಗ್ಗವೋ, ಹೊಲಿಸುವುದು ಅಗ್ಗವೋ?

ಕೊಳ್ಳುವ ದಿನ ರೆಡಿಮೇಡ್ ಅಗ್ಗ, ಮೂರನೆಯ ವರ್ಷ ಹೊಲಿಸಿದ್ದು ಅಗ್ಗ. ಲೆಕ್ಕಕ್ಕೆಂದು 450 ರೂಪಾಯಿಯ ಶರ್ಟು 25 ಸಲ ತೊಡುವಷ್ಟರಲ್ಲಿ ಕಾಲರು ಹರಿಯಿತು ಎಂದಿಟ್ಟುಕೊಂಡರೆ, ಒಂದು ಸಲಕ್ಕೆ 18 ರೂಪಾಯಿ ಬಿದ್ದಿತು. ಬಟ್ಟೆಯೂ ಹೊಲಿಗೆಯೂ ಸೇರಿ 1,100 ರೂಪಾಯಿಯಾದ ಶರ್ಟು 110 ಸಲ ಬಾಳಿದರೆ ಹತ್ತೇ ರೂಪಾಯಿ. ಬಟ್ಟೆಯ ಬೆಲೆಯನ್ನು ಹೀಗೆ ತೊಟ್ಟ ಸಲಗಳಿಂದ ಭಾಗಿಸಿ ನೋಡುವ ಅಭ್ಯಾಸ ಒಮ್ಮೆ ಬಂದರೆ ಬೆಲೆಚೀಟಿ ನಿಮ್ಮನ್ನು ಮರುಳುಮಾಡುವುದು ಕಷ್ಟ.

ಅಳತೆಯ ವಿಷಯದಲ್ಲಿ ಅಂಗಡಿಯವರ ಅಂದಾಜನ್ನೇ ನೆಚ್ಚಬೇಕಿಲ್ಲ. 58 ಅಂಗುಲ ಪನ್ನದ (ಅಗಲದ) ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರ ತುಂಬುತೋಳಿನ ಶರ್ಟಿಗೆ 1.6 ಮೀಟರ್, ಪ್ಯಾಂಟಿಗೆ 1.2 ಮೀಟರಿನಿಂದ 1.3 ಮೀಟರ್ ಸಾಕು. 36 ಅಂಗುಲ ಪನ್ನವಾದರೆ ಶರ್ಟಿಗೇ ಎರಡೂಕಾಲು ಮೀಟರಿನ ಮೇಲೆ ಬೇಕು. ಹತ್ತಿ ಬಟ್ಟೆಯಾದರೆ ದರ್ಜಿಗೆ ಕೊಡುವ ಮೊದಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ನೆರಳಿನಲ್ಲಿ ಒಣಗಿಸಿ. ಕುಗ್ಗುವುದಿದ್ದರೆ ಕತ್ತರಿ ಬೀಳುವ ಮೊದಲೇ ಕುಗ್ಗಲಿ.

ಒಳ್ಳೆಯ ದರ್ಜಿ ಸಿಕ್ಕಿದರೆ ಅಂಗಡಿ ಬದಲಾದರೂ ಅವರನ್ನು ಬಿಡಬೇಡಿ. ಟೇಪು ಹಿಡಿದು ಅಳೆಸಿಕೊಳ್ಳುವುದಕ್ಕಿಂತ, ಮೈಗೆ ಚೆನ್ನಾಗಿ ಕೂತಿರುವ ಹಳೆಯ ಶರ್ಟನ್ನೋ ಬ್ಲೌಸನ್ನೋ ಅಳತೆಗೆ ಕೊಡುವುದು ಸುರಕ್ಷಿತ. ಗೌರಿ ಹಬ್ಬದ ಹಿಂದಿನ ಹದಿನೈದು ದಿನಗಳಲ್ಲಿಯೂ ಮದುವೆಯ ತಿಂಗಳುಗಳಲ್ಲಿಯೂ ಕೊಟ್ಟ ಬಟ್ಟೆ ಆತುರದಲ್ಲಿ ಹೊಲಿದುಬರುತ್ತದೆ.

ಈಗಿನ ಹುಡುಗರಿಗೆ ಗೊತ್ತಿಲ್ಲದ ಕೆಲಸವೊಂದನ್ನು ಹೇಳಿಬಿಡುತ್ತೇನೆ. ಶರ್ಟಿನಲ್ಲಿ ಮೊದಲು ಸವೆಯುವುದು ಕಾಲರಿನ ಮಡಿಕೆ. ಕತ್ತಿನ ಹಿಂಬದಿಯಲ್ಲಿ ನೂಲು ಬಿಟ್ಟುಕೊಂಡು ಕಾಲರನ್ನು ಗಟ್ಟಿಯಾಗಿಡುವ ಒಳಗಿನ ಬಿಳಿ ಬಕ್ರಮ್ ಬಟ್ಟೆ ಇಣುಕುತ್ತದೆ, ಉಳಿದ ಶರ್ಟು ಮಾತ್ರ ಹೊಸತರಂತೆಯೇ ಇರುತ್ತದೆ. ಹಳೆಯ ದರ್ಜಿಗಳು ಆ ಕಾಲರನ್ನು ಬ್ಲೇಡಿನಿಂದ ಬಿಚ್ಚಿ, ಸವೆದ ಮಗ್ಗುಲು ಕೆಳಗೆ ಬರುವಂತೆ ಮಗುಚಿ, ಅದೇ ಹೊಲಿಗೆಯ ಗೆರೆಯ ಮೇಲೆ ಮತ್ತೆ ಕೂರಿಸುತ್ತಾರೆ. ನನ್ನ ತಂದೆಯ ಎಲ್ಲ ಶರ್ಟುಗಳೂ ಹೀಗೆ ಎರಡನೆಯ ಜನ್ಮ ಕಂಡವೇ. ಗಾಂಧಿ ಬಜಾರಿನ ಒಳಓಣಿಗಳಲ್ಲಿ ಕೇಳಿ ನೋಡಿ, ಈಗಲೂ ಮಾಡಿಕೊಡುವವರು ಸಿಗುತ್ತಾರೆ. ಹೊಲಿಸುವಾಗ ಮಿಕ್ಕ ತುಂಡನ್ನು ತಪ್ಪದೆ ಕೇಳಿ ಪಡೆಯಬೇಕೆನ್ನುವುದೂ ಇಂಥ ರಿಪೇರಿಗಾಗಿಯೇ.

ಯಾವ ಬಣ್ಣಗಳು ಅನುಕೂಲ?

ನಮ್ಮ ಮಣ್ಣು ಕೆಂಪು. ಮಳೆಗಾಲದಲ್ಲಿ ಸ್ಕೂಟರಿನ ಚಕ್ರದಿಂದ ಎಗರಿದ ಕೆಸರು ಒಣಗಿದ ಮೇಲೆ ತಿಳಿಬೂದು ಪ್ಯಾಂಟಿನ ಹಿಂಗಾಲಿನಿಂದ ಸುಲಭವಾಗಿ ಹೋಗುವುದಿಲ್ಲ. ಕೆಳಗಿನ ಉಡುಪಿಗೆ ಕಡುನೀಲಿ, ಕಾಫಿಬೀಜದ ಬಣ್ಣ, ಕಪ್ಪಿಗೆ ಹತ್ತಿರದ ಬೂದು. ಮೇಲಿನದಕ್ಕೆ ತಿಳಿನೀಲಿ, ಕೆನೆಬಣ್ಣ, ಸಣ್ಣ ಚೌಕಳಿ. ಅಚ್ಚ ಬಿಳಿ ಬೇಕೇಬೇಕಾದ ವಕೀಲರಂಥವರನ್ನು ಬಿಟ್ಟು ಉಳಿದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿಯನ್ನು ಮೇಲಿನ ಅರೆಯಲ್ಲಿಡುವುದು ಲೇಸು.

ಕೈಮಗ್ಗದ ಬಟ್ಟೆ ದುಬಾರಿಯಲ್ಲವೆ?

ಎಲ್ಲವೂ ಅಲ್ಲ, ಮತ್ತು ನಮ್ಮ ಜಿಲ್ಲೆಯವರಿಗೆ ಅದು ದೂರದ ಮಾತೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಚರಕ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ನೈಸರ್ಗಿಕ ಬಣ್ಣ ಹಾಕಿ, ಸಿದ್ಧ ಉಡುಪುಗಳನ್ನೂ ಹೊಲಿಯುತ್ತ ಬಂದಿದ್ದಾರೆ. ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಕೆಂಗಂದು ಬಣ್ಣವಂತೂ ನಮ್ಮ ಕೆಸರನ್ನು ಮುಚ್ಚಿಕೊಳ್ಳುವಂಥದ್ದು. ಇಂಥ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಬೇಕು, ಖಾರವಾದ ಸೋಪಿನ ಪುಡಿಯಿಂದ ದೂರವಿಡಬೇಕು. ಇಡೀ ಬೀರುವನ್ನು ಕೈಮಗ್ಗದಿಂದ ತುಂಬುವ ಹಟ ಬೇಡ. ವರ್ಷಕ್ಕೊಂದು ಕುರ್ತಾ ಅಥವಾ ಜುಬ್ಬಾ ಸೇರಿಸುತ್ತ ಹೋದರೆ ಐದು ವರ್ಷದಲ್ಲಿ ಐದಾಗುತ್ತವೆ.

ಸೀರೆಯನ್ನೇ ಉಡಬೇಕಾದ ಕೆಲಸ. ಮಳೆಗಾಲಕ್ಕೆ ಏನು ಮಾಡಲಿ?

ಐದೂವರೆ ಮೀಟರ್ ಹತ್ತಿಯನ್ನು ಆಷಾಢದಲ್ಲಿ ಒಣಗಿಸಲು ಪಡುವ ಪಾಡು ಉಟ್ಟವರಿಗೇ ಗೊತ್ತು. ಹಗುರವಾದ ಕ್ರೇಪ್ ಅಥವಾ ಜಾರ್ಜೆಟ್ ಸೀರೆಗಳನ್ನು ಮೂರು ತಿಂಗಳ ಮಟ್ಟಿಗೆ ಮೀಸಲಿಡಿ, ಹತ್ತಿಯನ್ನು ದೀಪಾವಳಿಯ ನಂತರ ಹೊರತೆಗೆಯಿರಿ. ಸೀರೆಗಿಂತ ಮೊದಲು ಹರಿಯುವುದು ಕೆಳಅಂಚಾದ್ದರಿಂದ ಫಾಲ್ ಹಚ್ಚಿಸದೆ ಉಡಬೇಡಿ, ಸವೆದಾಗ ಫಾಲನ್ನಷ್ಟೇ ಬದಲಿಸಿ. ಕಪ್ಪು, ಕೆನೆ, ಮೆರೂನ್ ಹೀಗೆ ಮೂರು ಗಟ್ಟಿ ಬ್ಲೌಸುಗಳಿದ್ದರೆ ಎಂಟು ಹತ್ತು ಸೀರೆಗಳಿಗೆ ಸಾಲುತ್ತವೆ. ಅಮ್ಮನ ಬೀರುವಿನಲ್ಲಿ ಉಡದೆ ಬಿದ್ದಿರುವ ಸೀರೆಗಳನ್ನು ಕೇಳಿ ತರುವುದಕ್ಕೆ ನಾಚಿಕೆ ಬೇಡ. ಅಂಚು ಗಟ್ಟಿಯಿದ್ದು ಮೈ ಹರಿದಿದ್ದರೆ ಅದೇ ಅಂಚು ಕುರ್ತಾದ ತೋಳಿಗೆ ಆಗುತ್ತದೆ.

ಆಷಾಢದ ರಿಯಾಯಿತಿಯನ್ನು ನಂಬಬಹುದೆ?

ಕಾರಣ ತಿಳಿದರೆ ನಂಬಬಹುದು. ಕಾರಹುಣ್ಣಿಮೆಯ ನಂತರದ ಅಮಾವಾಸ್ಯೆಯಿಂದ ಭೀಮನ ಅಮಾವಾಸ್ಯೆಯವರೆಗೆ ಮದುವೆ ಮುಂಜಿಗಳಿಲ್ಲ, ಮಳೆಗೆ ಜನ ಪೇಟೆಗೆ ಇಳಿಯುವುದೂ ಕಡಿಮೆ. ಹಬ್ಬದ ಹೊಸ ಸರಕು ಬರುವ ಮೊದಲು ಅಂಗಡಿಯವರು ಹಳೆಯ ದಾಸ್ತಾನನ್ನು ಕರಗಿಸಬೇಕು. ಆದ್ದರಿಂದ ಬಣ್ಣ, ಬಗೆ ಹಳತಾಗದ ಪ್ಯಾಂಟು, ತಿಳಿನೀಲಿ ಶರ್ಟು, ಲೆಗಿಂಗ್ಸ್, ಒಳಲಂಗಗಳನ್ನು ಆಗ ಕೊಳ್ಳಿ. ಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದರಲ್ಲಿಲ್ಲದ್ದು ಎಷ್ಟೇ ಅಗ್ಗವಾಗಿ ಕಂಡರೂ ಬಿಟ್ಟುಬನ್ನಿ. ಅಡಿಕೆ ಕೊಯ್ಲಿನ ಹಣ ಕೈಗೆ ಬಂದು ಊರೂರಿನವರು ಪೇಟೆಗೆ ಬರುವ ತಿಂಗಳುಗಳಲ್ಲಿ ಚೌಕಾಸಿಗೆ ಯಾರೂ ಕಿವಿಗೊಡುವುದಿಲ್ಲ.

ತೆರಿಗೆಯ ಲೆಕ್ಕವೂ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ಒಂದು ಸಿದ್ಧ ಉಡುಪಿನ ಬೆಲೆ 2,500 ರೂಪಾಯಿಯೊಳಗಿದ್ದರೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಈ ಗೆರೆಯ ಆಸುಪಾಸಿನ ಬೆಲೆಯ ಬ್ಲೇಜರನ್ನೋ ಕುರ್ತಾ ಸೆಟ್ಟನ್ನೋ ಕೊಳ್ಳುವಾಗ ಬಿಲ್ಲನ್ನು ಒಮ್ಮೆ ನೋಡಿಕೊಳ್ಳಿ.

ಚಪ್ಪಲಿ, ಶೂಗಳ ವಿಷಯ?

ಹಣವನ್ನು ಹೆಚ್ಚು ಸುರಿಯಬಹುದಾದದ್ದು ಇಲ್ಲಿಯೇ, ಆದರೆ ಮಳೆಗಾಲದ ಜೋಡಿನ ಮೇಲಲ್ಲ. ಒಳ್ಳೆಯ ಚರ್ಮದ ಒಂದು ಜೊತೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ, ನೀರಿಗೆ ಹೆದರದ ಕಪ್ಪು ಪಿಯು (ಕೃತಕ ಚರ್ಮ) ಅಥವಾ ರಬ್ಬರಿನ ಜೊತೆ ಉಳಿದ ಕಾಲಕ್ಕೆ. ನೆನೆದ ಶೂವನ್ನು ಒಲೆಯ ಮುಂದಿಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆಯನ್ನು ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಗಾಳಿಗಿಡಿ. ದಾರಿಗೆ ರಬ್ಬರ್ ಚಪ್ಪಲಿ ಮೆಟ್ಟಿ ಬಂದು ಕಚೇರಿಯಲ್ಲಿ ಶೂ ಬದಲಿಸುವ ಪದ್ಧತಿಯನ್ನು ನಮ್ಮಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ.

ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಪರಿಹಾರವೇನು?

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೂ, ಅದರ ಕಾಲುಭಾಗವೂ ಬೀಳದ ಶಿವಮೊಗ್ಗ ಪೇಟೆಗೂ ತೊಂದರೆಯ ಪ್ರಮಾಣ ಬೇರೆ, ಆದರೆ ಕಾರಣ ಒಂದೇ. ಗಾಳಿಯ ತೇವಾಂಶ ಶೇ. 65, 70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಆಹಾರ ಬಟ್ಟೆಯಲ್ಲಿ ಉಳಿದ ಬೆವರು, ಸೋಪು, ಎಲ್ಲಕ್ಕಿಂತ ಮುಖ್ಯವಾಗಿ ಗಂಜಿ. ಆದ್ದರಿಂದ ಮಳೆಗಾಲಕ್ಕೆ ಒಳಗಿಡುವ ಬಟ್ಟೆಗೆ ಗಂಜಿ ಹಾಕಲೇಬಾರದು. ಹಾಕಿದರೆ ಬೂಷ್ಟಿನ ಜೊತೆಗೆ ಬೆಳ್ಳಿಹುಳವನ್ನೂ ಊಟಕ್ಕೆ ಕರೆದಂತೆ.

ಒಣಗಿದೆ ಎಂದು ಕೈಗೆ ತೋರಿದ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೂ ತೇವವಿದೆ. ಇಸ್ತ್ರಿ ಮಾಡಿದ ಕೂಡಲೆ ಮಡಚಿಡದೆ ಅರ್ಧ ಗಂಟೆ ಹ್ಯಾಂಗರಿನಲ್ಲಿ ಆರಲು ಬಿಡಬೇಕು, ಏಕೆಂದರೆ ಇಸ್ತ್ರಿಯ ಆವಿ ಮಡಿಕೆಯಲ್ಲೇ ಉಳಿದಿರುತ್ತದೆ. ಹಳ್ಳಿಮನೆಯವರಿಗೆ ಬಚ್ಚಲ ಒಲೆಯ ಮೇಲಿನ ಬಿದಿರುಗಳುವಿನ ಅನುಕೂಲವಿದೆ. ಆದರೆ ಅಲ್ಲಿ ಒಣಗಿದ ಶರ್ಟು ಹೊಗೆಯ ಕಂಪನ್ನು ಹೊತ್ತುಕೊಂಡೇ ಕಚೇರಿಗೆ ಬರುತ್ತದೆ. ಮುಕ್ಕಾಲು ಒಣಗಿದ ಮೇಲೆ ಫ್ಯಾನಿನ ಕೆಳಗೆ ತಂದು ಹಾಕಿದರೆ ಅಷ್ಟು ನಾರುವುದಿಲ್ಲ. ಹಿಂದೆ ಬೀರುವಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುವವರಿದ್ದರು. ಎಲ್‌ಇಡಿ ಬಲ್ಬಿನಿಂದ ಆ ಕಾವು ಬಾರದು, ಹಳೆಯ ಬಲ್ಬಾದರೆ ಬಟ್ಟೆಗೆ ತಗುಲಿ ಬೆಂಕಿ ಹತ್ತುವ ಭಯ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿ, ಹೊಳವಾದ ದಿನ ಬಾಗಿಲು ತೆರೆದಿಟ್ಟರೆ ಹೆಚ್ಚು ಫಲ. ಲಾವಂಚದ ಬೇರು, ಒಣಗಿಸಿದ ಲಕ್ಕಿ ಸೊಪ್ಪು ಹುಳವನ್ನು ದೂರವಿಟ್ಟು ವಾಸನೆಯನ್ನು ತಿದ್ದುತ್ತವೆಯೇ ಹೊರತು ತೇವವನ್ನು ಹೀರುವುದಿಲ್ಲ.

ಬ್ಲೇಜರ್ ಬೇಕೆ?

ಹೆಚ್ಚಿನವರಿಗೆ ಬೇಡ. ವರ್ಷಕ್ಕೆರಡು ಸಲ ಬೇಕಾಗುವುದನ್ನು ಅಣ್ಣನಿಂದಲೋ ಭಾವನಿಂದಲೋ ಪಡೆದುಕೊಳ್ಳಬಹುದು. ಡಿಸೆಂಬರ್, ಜನವರಿಯ ಬೆಳಗಿನ ಬಸ್ಸಿಗೆ ಒಂದು ಕಡುನೀಲಿ ಸ್ವೆಟರ್ ಇರಲಿ.

ಆನ್‌ಲೈನಿನಲ್ಲಿ ಕೊಳ್ಳಬಹುದೆ?

ಒಮ್ಮೆ ಅಂಗಡಿಯಲ್ಲಿ ತೊಟ್ಟು ಅಳತೆ ತಿಳಿದ ಅದೇ ಬ್ರಾಂಡಿನ, ಅದೇ ಮಾದರಿಯ ಎರಡನೆಯದನ್ನು ಕೊಳ್ಳಲು ಅಡ್ಡಿಯಿಲ್ಲ. ಬೇರೆಯದಕ್ಕೆ ಸೈಜಿನ ಅಕ್ಷರ ನೋಡದೆ ಎದೆ, ಭುಜ, ಉದ್ದದ ಅಂಗುಲ ನೋಡಿ, ಯಾವ ನೂಲೆಂದು ಬರೆದಿಲ್ಲದ ಬಟ್ಟೆಯನ್ನು ಬಿಡಿ. ವಾಪಸು ಒಯ್ಯಲು ನಿಮ್ಮ ಊರಿನ ತನಕ ಬರುತ್ತಾರೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಿ.

ಹಳೆಯ ಬಟ್ಟೆಯನ್ನು ಯಾವಾಗ ಕೈಬಿಡಬೇಕು?

ಕಾಲರು ಮಗುಚಿದ ಮೇಲೂ ಸವೆದಾಗ, ಮೊಣಕೈಯ ಬಳಿ ಬೆಳಕು ಕಾಣುವಷ್ಟು ತೆಳುವಾದಾಗ, ಅಥವಾ ಬೂಷ್ಟಿನ ಕಪ್ಪು ಚುಕ್ಕೆ ಎದೆಯ ಭಾಗಕ್ಕೆ ಬಂದಾಗ. ಕೈಬಿಡುವ ಮೊದಲು ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿ, ಜಿಪ್ ಗಟ್ಟಿಯಿದ್ದರೆ ಬಿಚ್ಚಿಡಿ. ತೋಳು, ಬೆನ್ನಿನ ಭಾಗ ಹತ್ತಿಯದಾದರೆ ನೆಲ ಒರೆಸಲು ಆಗುತ್ತದೆ. ಗಟ್ಟಿಯಿರುವ ಚೌಕಳಿ ತುಂಡುಗಳನ್ನು ಕೌದಿ ಹೊಲಿಯುವವರು ಸಂತೋಷದಿಂದ ಒಯ್ಯುತ್ತಾರೆ, ಪಾಲಿಯೆಸ್ಟರನ್ನು ಮಾತ್ರ ಬೇಡವೆನ್ನುತ್ತಾರೆ.